ಹೆಸರಿಲ್ಲದವಳಿಗೆ ಹೆಸರಿಟ್ಟವಳು

ಹಾಲಿವುಡ್ಡಿನ ಹಳೆಯ ಸಿನಿಮಾಗಳಲ್ಲಿ ಕಪ್ಪು ಹೆಂಗಸಿಗೆ ಒಂದು ಜಾಗ ಮೀಸಲಾಗಿತ್ತು. ಅಡುಗೆಮನೆ. ತಲೆಗೊಂದು ಬಟ್ಟೆ ಕಟ್ಟಿಕೊಂಡು, ಬಿಳಿ ದೊರೆಸಾನಿಯ ಕಣ್ಣೀರು ಒರೆಸಿ, ಅವಳ ಮಕ್ಕಳನ್ನು ಎತ್ತಿ ಆಡಿಸಿ, ಮತ್ತೆ ಒಳಮನೆಗೆ ಹೋಗಿಬಿಡುವುದು. ಈ ಪಾತ್ರಕ್ಕೆ ‘ಮ್ಯಾಮಿ’ ಅಂತ ಕರೆದರು. ಹೆತ್ತವರಿಟ್ಟ ಹೆಸರು ಅದಲ್ಲ, ಆಳುತನದ ಗುರುತು. 1939ರ ‘ಗಾನ್ ವಿತ್ ದ ವಿಂಡ್’ನಲ್ಲಿ ಹ್ಯಾಟಿ ಮೆಕ್‌ಡೇನಿಯಲ್ ಮಾಡಿದ್ದು ಇದೇ ಪಾತ್ರವನ್ನು. ಅಟ್ಲಾಂಟಾ ನಗರದಲ್ಲಿ ಆ ಸಿನಿಮಾದ ಮೊದಲ ಪ್ರದರ್ಶನ ನಡೆದಾಗ ಆಕೆಗೆ ಅಲ್ಲಿ ಪ್ರವೇಶವಿರಲಿಲ್ಲ. ಮಾರನೆಯ ವರ್ಷ ಆಸ್ಕರ್ ಕೊಟ್ಟರು. ಕೂರಿಸಿದ್ದು ಮಾತ್ರ ಗೋಡೆ ಪಕ್ಕದ ಬೇರೆ ಮೇಜಿನಲ್ಲಿ. ಪ್ರಶಸ್ತಿ ಉಂಟು, ಪಂಕ್ತಿ ಇಲ್ಲ. ಆ ಪ್ರಶಸ್ತಿ ಆಕೆ ಸತ್ತ ಮೇಲೆ ಹೋವರ್ಡ್ ವಿಶ್ವವಿದ್ಯಾಲಯ ಸೇರಿ, ಅಲ್ಲಿಂದ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. 2023ರಲ್ಲಿ ಬದಲಿಗೆ ಇನ್ನೊಂದು ಮಾಡಿಸಿಕೊಟ್ಟರು.

ಹೆಸರು ಮಾಡಿದವಳ ಪಾಡೇ ಇದಾದರೆ, ತೆರೆಯ ಮೇಲೆ ಹೆಸರೇ ಬಾರದೆ ಹೋದವರ ಪಾಡೇನು? ಅವರಲ್ಲಿ ಹೆಣ್ಣನ್ನು ಪ್ರೀತಿಸಿದ ಹೆಣ್ಣುಗಳೂ ಇದ್ದಿರಬೇಕಲ್ಲ, ಅವರನ್ನು ಯಾವ ಕಡತದಲ್ಲಿ ಹುಡುಕೋದು? ಈ ಪ್ರಶ್ನೆ ಬೆನ್ನುಹತ್ತಿ ಹೊರಟವಳು ಶೆರಿಲ್ ಡುನ್ಯೆ.

ಡುನ್ಯೆ ಹುಟ್ಟಿದ್ದು 1966ರಲ್ಲಿ, ಆಫ್ರಿಕದ ಲೈಬೀರಿಯಾದಲ್ಲಿ. ಅಮೆರಿಕದಲ್ಲಿ ಬಿಡುಗಡೆಯಾದ ಗುಲಾಮರನ್ನು ಹಡಗಿನಲ್ಲಿ ಸಾಗಿಸಿ ನೆಲೆಗೊಳಿಸಿದ ನಾಡು ಅದು. ಬೆಳೆದದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಟೆಂಪಲ್ ಮತ್ತು ರಟ್ಗರ್ಸ್ ವಿಶ್ವವಿದ್ಯಾಲಯಗಳಲ್ಲಿ ಓದು. ಕಪ್ಪು ಹೆಣ್ಣು, ಅದರ ಮೇಲೆ ತಾನು ಲೆಸ್ಬಿಯನ್ ಎಂದು ಬಾಯಿಬಿಟ್ಟು ಹೇಳಿಕೊಂಡವಳು. ಅಂಥವಳಿಗೆ ಯಾವ ಸ್ಟುಡಿಯೋ ಬಾಗಿಲು ತೆಗೆದೀತು? ಆಕೆ ಸ್ಟುಡಿಯೋಗಳ ಬಾಗಿಲು ಬಡಿಯುತ್ತ ಕೂರದೆ, ಅಗ್ಗದ ವೀಡಿಯೋ ಕ್ಯಾಮೆರಾ ಹಿಡಿದು ತನ್ನನ್ನೇ ಎದುರಿಗೆ ಕೂರಿಸಿಕೊಂಡಳು. 1990ರ ‘ಜನೀನ್’ ಅನ್ನುವ ಕಿರುಚಿತ್ರದಲ್ಲಿ ಆಕೆ ಕ್ಯಾಮೆರಾ ನೋಡುತ್ತಾ ಶಾಲೆಯ ದಿನಗಳ ಬಿಳಿ ಗೆಳತಿಯೊಬ್ಬಳ ಕಥೆ ಹೇಳುತ್ತಾಳೆ. ಉಳ್ಳವರ ಮನೆಯ ಹುಡುಗಿ. ತಾನು ಎಂಥವಳು ಅಂತ ಡುನ್ಯೆ ಅವಳಿಗೆ ಹೇಳಿಕೊಂಡದ್ದೇ ತಡ, ಸ್ನೇಹ ಮುರಿಯಿತು. ಮುಂದೆ ಬಂದ ಕಿರುಚಿತ್ರಗಳಲ್ಲೂ ನಡೆದದ್ದು, ಕಟ್ಟಿದ್ದು, ತನ್ನ ಬಾಳು ಮೂರನ್ನೂ ಕಲಸಿದಳು. ಈ ಬಗೆಗೆ ‘ಡುನ್ಯೆಮೆಂಟರಿ’ ಅಂತ ಆಕೆಯೇ ಹೆಸರಿಟ್ಟಳು.

1990ರ ದಶಕದ ಆರಂಭದಲ್ಲಿ ಆಕೆ ಹಳೆಯ ಸಿನಿಮಾದ ಕಪ್ಪು ನಟಿಯರನ್ನು ಹುಡುಕಿಕೊಂಡು ಹೋದಳು. ಹೆಂಗಸರನ್ನು ಪ್ರೀತಿಸಿದ ಹೆಂಗಸರ ದಾಖಲೆಗಳಿದ್ದ ಕಡೆ ಕಪ್ಪು ನಟಿಯರಿರಲಿಲ್ಲ. ದೊಡ್ಡ ಗ್ರಂಥಾಲಯಗಳಲ್ಲಿದ್ದ ಹಳೆಯ ಚಿತ್ರತುಣುಕು ಕೊಂಡು ಬಳಸೋಣವೆಂದರೆ ಕೈಯಲ್ಲಿ ಅಷ್ಟು ಕಾಸಿಲ್ಲ. ಆಗ ಆಕೆ ಮಾಡಿದ ಕೆಲಸ ಯೋಚನೆಗೆ ಹಚ್ಚುವಂಥದ್ದು. ಇಲ್ಲದ ನಟಿಯನ್ನು ತಾನೇ ಹುಟ್ಟಿಸಿದಳು. ಅವಳಿಗೆ ಫೇ ರಿಚರ್ಡ್ಸ್ ಅಂತ ಹೆಸರು ಕೊಟ್ಟಳು, ಹುಟ್ಟಿದೂರು ಕೊಟ್ಟಳು, ಪ್ರೇಮ ಕೊಟ್ಟಳು, ಮುಪ್ಪು ಕೊಟ್ಟಳು. ಛಾಯಾಗ್ರಾಹಕಿ ಜೋಯಿ ಲೆನರ್ಡ್ ಜೊತೆ ಸೇರಿ ಅವಳ ಬಾಳಿನ 80ರಷ್ಟು ‘ಹಳೆಯ’ ಫೋಟೋಗಳನ್ನು ಹೊಸದಾಗಿ ತೆಗೆಸಿದಳು. ಮೂಲೆ ಮಡಿಸಿ, ಅಂಚು ಹರಿದು, ಪೆಟ್ಟಿಗೆಯಲ್ಲಿ ಐವತ್ತು ವರ್ಷ ಬಿದ್ದಿದ್ದವೋ ಅನ್ನುವ ಹಾಗೆ.

ಹೀಗೆ ಬಂದದ್ದು 1996ರ ‘ದಿ ವಾಟರ್‌ಮೆಲನ್ ವುಮನ್’, ಕಲ್ಲಂಗಡಿ ಹೆಂಗಸು. ಕಪ್ಪು ಲೆಸ್ಬಿಯನ್ ಒಬ್ಬಳು ನಿರ್ದೇಶಿಸಿದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ಇದನ್ನು ಗುರುತಿಸುತ್ತಾರೆ. ಕಲ್ಲಂಗಡಿ ಯಾಕೆ ಅಂದರೆ, ಗುಲಾಮಗಿರಿ ಹೋದ ಮೇಲೆ ಕಪ್ಪು ರೈತರು ಕಲ್ಲಂಗಡಿ ಬೆಳೆದು ಪೇಟೆಯಲ್ಲಿ ಮಾರಿ ತಮ್ಮ ಕಾಲ ಮೇಲೆ ನಿಂತರು. ಅದನ್ನು ಕಂಡು ಸಹಿಸಲಾಗದವರು ಆ ಹಣ್ಣನ್ನೇ ಬೈಗುಳ ಮಾಡಿದರು. ದುಡಿದವನ ಬೆಳೆಯನ್ನೇ ಅವನ ಮುಖಕ್ಕೆ ಎಸೆಯುವ ಈ ವಿದ್ಯೆ ಯಾವ ದೇಶದ ಮೇಲಿನವರಿಗೂ ಹೇಳಿಕೊಡಬೇಕಾಗಿಲ್ಲ.

ಸಿನಿಮಾದಲ್ಲಿ ಡುನ್ಯೆಯೇ ನಾಯಕಿ, ಪಾತ್ರದ ಹೆಸರೂ ಶೆರಿಲ್. ಫಿಲಡೆಲ್ಫಿಯಾದ ವೀಡಿಯೋ ಅಂಗಡಿಯಲ್ಲಿ ಕೆಲಸದ ಹುಡುಗಿ. ಹಳೆಯ ಸಿನಿಮಾವೊಂದರಲ್ಲಿ ಚೆಂದದ ಕಪ್ಪು ಕೆಲಸದಾಕೆ ಕಾಣುತ್ತಾಳೆ. ಕೊನೆಯ ಪಟ್ಟಿಯಲ್ಲಿ ಅವಳಿಗೆ ‘ಕಲ್ಲಂಗಡಿ ಹೆಂಗಸು’ ಅಂತಷ್ಟೇ ಹಾಕಿರುತ್ತಾರೆ. ಅವಳು ಯಾರು? ಶೆರಿಲ್ ಮೊದಲು ತನ್ನ ಅವ್ವನನ್ನೇ ಕೇಳುತ್ತಾಳೆ. ತೆರೆಯ ಮೇಲೆ ಬರುವುದು ಡುನ್ಯೆಯ ನಿಜವಾದ ತಾಯಿಯೇ. ಆಮೇಲೆ ಗ್ರಂಥಾಲಯ, ಹಳೆಯ ಫೋಟೋ ಕೂಡಿಟ್ಟವರು, ಕ್ಲಬ್ಬಿನಲ್ಲಿ ಅವಳ ಹಾಡು ಕೇಳಿದ ಮುದುಕಿಯರು. ಒಬ್ಬ ಬಿಳಿ ಪಂಡಿತೆ, ಕೆಮಿಲ್ ಪಾಲ್ಯಾ, ತನ್ನದೇ ಹೆಸರಿನಲ್ಲಿ ಬಂದು ಕಲ್ಲಂಗಡಿಗೂ ಮ್ಯಾಮಿಗೂ ಏನೇನೋ ಅರ್ಥ ಹಚ್ಚುತ್ತಾಳೆ. ನಮ್ಮ ಬಗ್ಗೆ ನಮಗಿಂತ ಚೆನ್ನಾಗಿ ಬಲ್ಲೆವು ಅನ್ನುವವರ ಮಾತಿನ ವರಸೆ ಅದರಲ್ಲಿ ಯಥಾವತ್ತು ಬಂದಿದೆ. ನಡುವೆ ಒಂದು ಕಡೆ, ಕ್ಯಾಮೆರಾ ಹಿಡಿದು ಹೋಗುತ್ತಿದ್ದ ಶೆರಿಲ್‌ಳನ್ನು ಪೊಲೀಸರು ತಡೆಯುತ್ತಾರೆ. ಕಪ್ಪು ಕೈಯಲ್ಲಿ ಕ್ಯಾಮೆರಾ ಇದ್ದರೆ ಅದು ಕದ್ದ ಮಾಲೇ ಇರಬೇಕಲ್ಲ!

ಹುಡುಕುತ್ತಾ ಹೋದಂತೆ ಗೊತ್ತಾಗುತ್ತದೆ: ಫೇ ರಿಚರ್ಡ್ಸ್‌ಗೆ ಮಾರ್ಥಾ ಪೇಜ್ ಅನ್ನುವ ಬಿಳಿ ನಿರ್ದೇಶಕಿಯ ಜೊತೆ ಸಂಬಂಧವಿತ್ತು. ಈ ಮಾರ್ಥಾಳ ಹಿಂದಿರುವುದು ನಿಜವಾದ ನಿರ್ದೇಶಕಿ ಡೊರೊಥಿ ಆರ್ಜ್ನರ್ ನೆರಳು. 1930ರ ದಶಕದ ಹಾಲಿವುಡ್ ಸ್ಟುಡಿಯೋಗಳಲ್ಲಿ ನಿರ್ದೇಶನ ಮಾಡುತ್ತಿದ್ದ ಒಬ್ಬಳೇ ಹೆಂಗಸು ಅನ್ನಬಹುದು ಆಕೆಯನ್ನು. ನೃತ್ಯಗಾರ್ತಿ ಮರಿಯನ್ ಮಾರ್ಗನ್ ಜೊತೆ ದಶಕಗಟ್ಟಲೆ ಬಾಳಿದವಳು. ಆಕೆಯ ಪಾಡೂ ಸುಲಭದ್ದಿರಲಿಲ್ಲ, ನಿಜ. ಆದರೂ ಆರ್ಜ್ನರ್ ಹೆಸರು ಚರಿತ್ರೆಗೆ ಸಿಕ್ಕಿತು. ಡುನ್ಯೆ ಕೈಹಾಕುವುದು ಇಲ್ಲೇ. ಸಿನಿಮಾದ ಕೊನೆಗೆ, ಫೇ ಜೊತೆ 20 ವರ್ಷ ಬಾಳಿದ ಕಪ್ಪು ಸಂಗಾತಿಯ ಕಾಗದ ಬರುತ್ತದೆ. ಫೇ ಕಥೆ ಹೇಳುವಾಗ ಆ ಬಿಳಿಯವಳನ್ನು ಯಾಕೆ ನಡುವೆ ತರುತ್ತೀಯಾ ಅನ್ನುವುದು ಅದರ ಅಳಲು. ಹೆಣ್ಣು ಹೆಣ್ಣಿನ ಪ್ರೀತಿಯ ಒಳಗೂ ದೊರೆಸಾನಿ ಮತ್ತು ಆಳು ಇದ್ದಾರೆಂಬುದನ್ನು ಮುಚ್ಚಿಟ್ಟಿದ್ದರೆ ಈ ಸಿನಿಮಾ ಇಷ್ಟು ದೊಡ್ಡದಾಗುತ್ತಿರಲಿಲ್ಲ.

ಆಮೇಲೆ ತೆರೆಯ ಮೇಲೆ ಅಕ್ಷರಗಳು ಮೂಡುತ್ತವೆ: ಈ ಹೆಂಗಸು ಕಲ್ಪನೆ. ಅಲ್ಲಿಯವರೆಗೆ ನಂಬಿಕೊಂಡು ಕೂತವರಿಗೆ ಕಪಾಳಕ್ಕೆ ಹೊಡೆದಂತಾಗುತ್ತದೆ. ಚರಿತ್ರೆಯನ್ನು ಹೀಗೆ ಕಟ್ಟಬಹುದೇ, ಇದು ಸುಳ್ಳಲ್ಲವೇ ಅಂತ ಕೇಳುವವರಿದ್ದಾರೆ. ದೊರೆಗಳ ವಂಶಾವಳಿ ಬರೆದವರು ಸೂರ್ಯನಿಂದ, ಚಂದ್ರನಿಂದ ಶುರುಮಾಡಿದರು. ಕೊನೆಯ ಪುಟದಲ್ಲಿ ‘ಇದು ನಾವು ಕಟ್ಟಿದ್ದು’ ಅಂತ ಯಾರೂ ಬರೆಯಲಿಲ್ಲ. ಡುನ್ಯೆ ಬರೆದಳು. ಆ ಒಂದು ಒಪ್ಪಿಗೆಯಿಂದ, ಕಳೆದುಹೋದ ನಿಜವಾದ ಹೆಂಗಸರೆಲ್ಲ ಆ ಖಾಲಿ ಜಾಗದಲ್ಲಿ ಎದ್ದು ನಿಲ್ಲುತ್ತಾರೆ.

ಸಿನಿಮಾಗೆ ತಗುಲಿದ ಖರ್ಚು ಸುಮಾರು 3 ಲಕ್ಷ ಡಾಲರ್. ಅದರಲ್ಲಿ 31,500 ಡಾಲರ್ ಸರ್ಕಾರದ ಕಲಾನಿಧಿಯದು. ಆ ಫೋಟೋಗಳನ್ನೂ ಹರಾಜು ಹಾಕಿ ಒಂದಿಷ್ಟು ಕೂಡಿಸಿದರು. ಬರ್ಲಿನ್ ಉತ್ಸವದಲ್ಲಿ ಟೆಡ್ಡಿ ಪ್ರಶಸ್ತಿ ಬಂತು. ಇತ್ತ ವಾಷಿಂಗ್ಟನ್ನಿನಲ್ಲಿ ಇಬ್ಬರು ಹೆಂಗಸರ ಹಾಸಿಗೆಯ ದೃಶ್ಯದ ಸುದ್ದಿ ಓದಿ ಪೀಟರ್ ಹುಕ್‌ಸ್ಟ್ರಾ ಎಂಬ ರಿಪಬ್ಲಿಕನ್ ಸಂಸದ ಕೆರಳಿದ. ಆ 31,500 ಡಾಲರನ್ನು ಕಲಾನಿಧಿಯ ದುಡ್ಡಿನಿಂದ ಕಡಿಯಬೇಕು ಅಂತ ಪಟ್ಟುಹಿಡಿದ. ಕೋಟಿ ಕೋಟಿ ಲೆಕ್ಕದಲ್ಲಿ ಬಜೆಟ್ ಹಾಕುವ ಸಭೆಗೆ ಅದು ಚಿಲ್ಲರೆ ಕಾಸು. ಯಾರ ಕೈಗೆ ಹೋಯಿತು ಅನ್ನುವುದೇ ಅವನ ಉರಿ.

2001ರಲ್ಲಿ ಎಚ್‌ಬಿಒ ಟೀವಿಗೆ ಮಾಡಿದ ‘ಸ್ಟ್ರೇಂಜರ್ ಇನ್‌ಸೈಡ್’ ನನ್ನ ಲೆಕ್ಕದಲ್ಲಿ ಆಕೆಯ ಗಟ್ಟಿ ಕೆಲಸ. ಕಂಡರಿಯದ ತಾಯಿಯನ್ನು ಹುಡುಕಿಕೊಂಡು ಹುಡುಗಿಯೊಬ್ಬಳು ಹೆಂಗಸರ ಜೈಲಿಗೆ ಬರುವ ಕಥೆ. ಬರೆಯುವಾಗ ಮಿನ್ನೆಸೋಟಾದ ಜೈಲಿನಲ್ಲಿದ್ದ ಹೆಂಗಸರ ಜೊತೆ ಕೂತು ಚಿತ್ರಕಥೆಯನ್ನು ತಿದ್ದಿದಳು. 2004ರಲ್ಲಿ ಮಿರಾಮ್ಯಾಕ್ಸ್ ಕಂಪನಿಗಾಗಿ ‘ಮೈ ಬೇಬೀಸ್ ಡ್ಯಾಡಿ’ ಅನ್ನುವ ನಗೆಸಿನಿಮಾ. ಅದರ ಬಗ್ಗೆ ಹೆಚ್ಚು ಹೇಳದಿದ್ದರೇ ಒಳ್ಳೆಯದು. ಆಮೇಲೆ ದೊಡ್ಡ ಕಂಪನಿಗಳ ಕರೆ ನಿಂತಿತು. ಆಕೆ ಪಾಠ ಹೇಳಿದಳು, ಗೆಳೆಯರ ಜೊತೆ ಕೈಗೆಟುಕಿದ ದುಡ್ಡಿನಲ್ಲಿ ಸಿನಿಮಾ ಮಾಡಿದಳು. 2010ರ ‘ದಿ ಔಲ್ಸ್’, 2014ರ ‘ಬ್ಲ್ಯಾಕ್ ಈಸ್ ಬ್ಲೂ’ ಹಾಗೆ ಬಂದವು.

ಬಾಗಿಲು ಮತ್ತೆ ತೆರೆದದ್ದು ಇನ್ನೊಬ್ಬ ಕಪ್ಪು ಹೆಂಗಸಿನಿಂದ. ಏವಾ ಡುವರ್ನೆ 2016ರಲ್ಲಿ ‘ಕ್ವೀನ್ ಶುಗರ್’ ಧಾರಾವಾಹಿ ಶುರುಮಾಡಿದಾಗ ನಿರ್ದೇಶನಕ್ಕೆ ಹೆಂಗಸರನ್ನೇ ಕರೆಯುವುದೆಂದು ನಿಶ್ಚಯಿಸಿದಳು. ಲೂಸಿಯಾನಾದಲ್ಲಿ ಅಪ್ಪ ಬಿಟ್ಟುಹೋದ ಕಬ್ಬಿನ ಹೊಲ ಉಳಿಸಿಕೊಳ್ಳಲು ಹೆಣಗುವ ಕಪ್ಪು ಮಕ್ಕಳ ಕಥೆ ಅದು. 2017ರಲ್ಲಿ ಡುನ್ಯೆ ಅದಕ್ಕೆ ಬಂದಳು. ಅಲ್ಲಿಂದ ಒಂದರ ಹಿಂದೆ ಒಂದು ಟೀವಿ ಕೆಲಸ. 2022ರಲ್ಲಿ ‘ಬ್ರಿಜರ್ಟನ್’ ತನಕ. ಧಾರಾವಾಹಿ ನಿರ್ದೇಶಕರೆಂದರೆ ಇನ್ನೊಬ್ಬರು ಹಾಕಿದ ನಕ್ಷೆಗೆ ಗೋಡೆ ಎತ್ತುವ ಮೇಸ್ತ್ರಿ. ಇಪ್ಪತ್ತು ವರ್ಷ ಮೊದಲೇ ಆಕೆಯ ಸ್ವಂತ ನಕ್ಷೆಗೆ ದುಡ್ಡು ಸಿಕ್ಕಿದ್ದರೆ ಅಂತ ಹೊಟ್ಟೆ ಉರಿಯುತ್ತದೆ. ಆದರೂ ಆ ಗೋಡೆಯಲ್ಲಿ ಆಕೆಯ ಕೈಗುರುತು ಕಾಣುತ್ತದೆ. 2020ರ ‘ಲವ್‌ಕ್ರಾಫ್ಟ್ ಕಂಟ್ರಿ’ಯ ಐದನೆಯ ಕಂತು ನೋಡಿ. ಕಪ್ಪು ಹೆಂಗಸೊಬ್ಬಳು ಬೆಳಗ್ಗೆ ಎದ್ದರೆ ಮೈ ಬಿಳಿಯವಳದ್ದಾಗಿರುತ್ತದೆ. ಯಾವ ಅಂಗಡಿಯ ಕೆಲಸಕ್ಕಾಗಿ ಆಸೆಪಟ್ಟು ಸೋತಿದ್ದಳೋ ಆ ಕೆಲಸ ನಿಂತ ನಿಲುವಿನಲ್ಲಿ ಸಿಗುತ್ತದೆ. ಆಮೇಲೆ ಆ ಬಿಳಿ ಚರ್ಮ ರಕ್ತ ಸುರಿಸುತ್ತಾ ಕಳಚಿ ಬೀಳುತ್ತದೆ.

2021ರ ಡಿಸೆಂಬರಿನಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ದೇಶ ಕಾಪಾಡಬೇಕಾದ ಸಿನಿಮಾಗಳ ಪಟ್ಟಿಗೆ ‘ದಿ ವಾಟರ್‌ಮೆಲನ್ ವುಮನ್’ ಸೇರಿಸಿತು. 1989ರಲ್ಲಿ ಆ ಪಟ್ಟಿಯ ಮೊದಲ 25 ಸಿನಿಮಾಗಳನ್ನು ಆರಿಸಿದಾಗಲೇ ‘ಗಾನ್ ವಿತ್ ದ ವಿಂಡ್’ ಅಲ್ಲಿ ಬಂದು ಕೂತಿತ್ತು. ಮ್ಯಾಮಿಯೂ ಫೇ ರಿಚರ್ಡ್ಸಳೂ ಈಗ ಒಂದೇ ಪಂಕ್ತಿಯಲ್ಲಿದ್ದಾರೆ.