ಕಂತಿನ ದಿನ ಪಕ್ಕದಲ್ಲಿ ಯಾರು ಕೂತಿರ್ತಾರೆ?

ಇವತ್ತಿನ ಸಂಚಿಕೆ ಶುರುವಾಗೋದು ನಮ್ಮ ಕಡೆಯ ಒಂದು ಪದದಿಂದ. ನಮ್ಮ ಕಡೆ ಅಂದ್ರೆ ಕೊಪ್ಪ ತಾಲ್ಲೂಕಿನ ಭಂಡಿಗಡಿ. ಪದ, ಮುಯ್ಯಾಳು.

ಮಲೆನಾಡಿನವರಿಗೆ ಇದನ್ನ ವಿವರಿಸಬೇಕಾಗಿಲ್ಲ. ಇಯರ್‌ಫೋನ್ ಹಾಕ್ಕೊಂಡು ಬೆಂಗಳೂರಿನ ಮೆಟ್ರೋದಲ್ಲಿ ನಿಂತಿರೋರಿಗೆ ಮಾತ್ರ ಹೇಳ್ಬಿಡ್ತೀನಿ. ಇವತ್ತು ನಿಮ್ಮ ಗದ್ದೆಯಲ್ಲಿ ನಾಟಿ, ನಮ್ಮನೆಯಿಂದ ಇಬ್ಬರು ಬರ್ತೀವಿ. ನಾಡಿದ್ದು ನಮ್ಮ ಗದ್ದೆ, ನಿಮ್ಮನೆಯಿಂದ ಇಬ್ಬರು ಬರಬೇಕು. ಕೂಲಿ ಇಲ್ಲ, ಊಟ ಇದೆ. ಅಡಿಕೆ ಸುಲಿಯೋದಕ್ಕೂ ಹೀಗೇ ಜನ ಸೇರ್ತಿದ್ರು. ಮದುವೆ ಮನೆಯಲ್ಲಿ ಮುಯ್ಯಿ ಅಂತ ಕೊಡ್ತಾರಲ್ಲ, ಅದೇ ಮುಯ್ಯಿ ಇಲ್ಲಿ ದುಡ್ಡಿನ ಬದಲು ಆಳಿನ ರೂಪದಲ್ಲಿ ಬರುತ್ತೆ.

ಬಿ.ಕಾಂ. ಓದಿದ ಚಟ, ಎಲ್ಲದರಲ್ಲೂ ಡೆಬಿಟ್ ಕ್ರೆಡಿಟ್ ಕಾಣುತ್ತೆ. ಮುಯ್ಯಾಳು ಕೂಡ ಸಾಲವೇ. ನೀವು ನಮಗೆ ಎರಡು ಆಳು ಬಾಕಿ. ತೀರಿಸದಿದ್ರೆ ಮುಂದಿನ ವರ್ಷ ನಿಮ್ಮ ಗದ್ದೆಗೆ ಯಾರೂ ಇಳಿಯಲ್ಲ. ಆದರೆ ಇದರಲ್ಲಿ ಬಡ್ಡಿ ಇಲ್ಲ, ಮತ್ತೆ ಕೊಟ್ಟೋರೂ ತಗೊಂಡೋರೂ ಒಂದೇ ಕೆಸರಲ್ಲಿ ನಿಂತಿರ್ತಾರೆ. ಈ ಎರಡನೇ ವಿಷಯ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಕೆಲಸದ ಸಾಲಕ್ಕೆ ಇಷ್ಟು ಚೆನ್ನಾಗಿರೋ ಏರ್ಪಾಡು ಇದ್ದ ಊರಲ್ಲಿ ದುಡ್ಡಿನ ಸಾಲ ಯಾಕೆ ಮನೆಗಳನ್ನ ಮುಳುಗಿಸ್ತಿತ್ತು? ಉತ್ತರ ತೋಟದ ಕ್ಯಾಲೆಂಡರ್‌ನಲ್ಲಿದೆ. ಅಡಿಕೆ ಮನೆಗೆ ದುಡ್ಡು ಬರೋದು ಚಳಿಗಾಲದ ಕೊಯ್ಲು ಮುಗಿದ ಮೇಲೆ. ಖರ್ಚು ಬರೋದು ಮಳೆಗಾಲದಲ್ಲಿ. ಕೊಳೆರೋಗಕ್ಕೆ ಔಷಧಿ ಹೊಡೀಬೇಕು, ಅದೂ ಮಳೆ ಬಿಟ್ಟ ಗ್ಯಾಪಲ್ಲಿ. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ಕೊಳೆರೋಗದ ಬೆನ್ನು ಹತ್ತಿ, ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನ ಮಲೆನಾಡಿನ ತೋಟಗಳಿಗೆ ತಂದರು. ಬೆಳೆ ಉಳೀತು. ಆದರೆ ಲೆಕ್ಕದ ದೃಷ್ಟಿಯಿಂದ ನೋಡಿ: ಕೈ ಖಾಲಿ ಇರೋ ತಿಂಗಳಲ್ಲೇ ಮಾಡಲೇಬೇಕಾದ ಇನ್ನೊಂದು ಖರ್ಚು ಬಂತು. ಮೈಲುತುತ್ತವನ್ನ ಪಕ್ಕದ ಮನೆಯವರು ಮುಯ್ಯಿ ಕೊಡೋಕಾಗಲ್ಲ, ಅವರಿಗೂ ಅದೇ ವಾರ ಬೇಕು. ಊರಲ್ಲಿ ಎಲ್ಲರ ಕೈಯೂ ಒಟ್ಟಿಗೇ ಖಾಲಿ.

ಆಗ ಉಳಿಯೋದು ಮಂಡಿ. ಮಂಡಿ ಸಾಹುಕಾರ ಮಳೆಗಾಲದಲ್ಲಿ ಮುಂಗಡ ಕೊಡ್ತಾನೆ. ಬಡ್ಡಿ ಒಂದು ಕಡೆ ಇರಲಿ, ಅಡಿಕೆಯನ್ನ ಅವನ ಮಂಡಿಗೇ ತರಬೇಕು. ತೂಕ ಅವನದ್ದು, ದರ ಅವನದ್ದು, ಪುಸ್ತಕ ಅವನದ್ದು. ವರ್ಷದ ಕೊನೆಗೆ ಲೆಕ್ಕ ಮಾಡಿದ್ರೆ ಬೆಳೆಗಾರ ಇನ್ನೂ ಬಾಕಿದಾರ. ಘಟ್ಟದ ಮೇಲಿನ ಕಾಫಿ ಎಸ್ಟೇಟುಗಳಲ್ಲಿ ಮೇಸ್ತ್ರಿ ಕೊಟ್ಟ ಮುಂಗಡ ಕೂಲಿಯವರನ್ನ ಕಟ್ಟಿಹಾಕ್ತಿತ್ತು. ತೋಟದ ಯಜಮಾನನಿಗೂ ಅವನ ಮಟ್ಟದಲ್ಲಿ ಅಂಥದ್ದೇ ಒಂದು ಹಗ್ಗ ಇತ್ತು. ಸಮಾನ ಅಂತ ಹೇಳ್ತಿಲ್ಲ, ಕೂಲಿಯವರ ಹಗ್ಗ ಬಹಳ ಗಿಡ್ಡ.

ಈಗ 1905ಕ್ಕೆ ಹೋಗೋಣ, ಗದಗದ ಹತ್ತಿರದ ಕಣಗಿನಹಾಳಕ್ಕೆ. ಆಗ ಅದು ಬಾಂಬೆ ಪ್ರಾಂತ್ಯದ ಧಾರವಾಡ ಜಿಲ್ಲೆ. ಹಿಂದಿನ ವರ್ಷವಷ್ಟೇ, 1904ರಲ್ಲಿ, ಬ್ರಿಟಿಷ್ ಸರ್ಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ತಂದಿತ್ತು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ದೇಶದ ಮೊದಲ ಸಹಕಾರ ಸಂಘ ಅಂತ ಇದನ್ನೇ ಹೇಳೋದು. ಅದೇ 1905ರಲ್ಲಿ ಮೈಸೂರು ಸಂಸ್ಥಾನವೂ ತನ್ನದೇ ಸಹಕಾರ ಕಾನೂನು ತಂತು. ಕೊಪ್ಪ ಆಗ ಮೈಸೂರಿನ ಕಡೂರು ಜಿಲ್ಲೆಯಲ್ಲಿತ್ತು.

ಶಾಲೆ ಪುಸ್ತಕ ಇಷ್ಟು ಹೇಳಿ ಮುಂದೆ ಹೋಗುತ್ತೆ. ನನಗೆ ನಿದ್ದೆ ಕೆಡಿಸಿದ್ದು ಆ ಕಾಯ್ದೆಯ ಇನ್ನೊಂದು ಅಂಶ. 1904ರ ಕಾಯ್ದೆಯಲ್ಲಿ ಹಳ್ಳಿ ಸಂಘಗಳಿಗೆ ಅಪರಿಮಿತ ಹೊಣೆ ಇರಬೇಕು ಅನ್ನೋದು ಸಾಮಾನ್ಯ ನಿಯಮ. ಅಂದ್ರೆ ಸಂಘ ದಿವಾಳಿಯಾದ್ರೆ ನೀವು ಹಾಕಿದ ಷೇರು ಹಣ ಮಾತ್ರ ಹೋಗಲ್ಲ, ನಿಮ್ಮ ಹೊಲ, ಎತ್ತು, ಮನೆ ಎಲ್ಲವೂ ಹೊಣೆಗೆ ಸಿಗುತ್ತೆ. ಕಂಪನಿ ಲಾ ಓದಿದ ಯಾರಿಗಾದ್ರೂ ಇದು ಹುಚ್ಚು ಅನ್ಸುತ್ತೆ. ಪಕ್ಕದ ಮನೆಯವನು ಸಾಲ ತಗೊಂಡು ಹಾಳು ಮಾಡಿದ್ರೆ ನನ್ನ ಎತ್ತು ಹೋಗುತ್ತಾ?

ಈ ಯೋಚನೆ ಜರ್ಮನಿಯ ರೈಫೈಸೆನ್ ಅನ್ನೋರದ್ದು. 19ನೇ ಶತಮಾನದಲ್ಲಿ ಅಲ್ಲಿನ ಬಡ ರೈತರ ಹತ್ತಿರ ಅಡಮಾನಕ್ಕೆ ಏನೂ ಇರಲಿಲ್ಲ. ಇದ್ದದ್ದು ಒಬ್ಬರ ಬಗ್ಗೆ ಒಬ್ಬರಿಗೆ ಗೊತ್ತಿದ್ದ ವಿಷಯ. ಯಾರು ಕುಡೀತಾರೆ, ಯಾರು ದುಡೀತಾರೆ, ಯಾರ ಮನೇಲಿ ಕಾಯಿಲೆ ಇದೆ. ಬ್ಯಾಂಕಿಗೆ ಗೊತ್ತಾಗದ್ದು ಬೇಲಿಯಾಚೆಯವರಿಗೆ ಗೊತ್ತು. ಎಲ್ಲರೂ ಹೊಣೆಯಾದ್ರೆ ಎಲ್ಲರೂ ಕಣ್ಣಿಡ್ತಾರೆ, ಬೀಳೋ ಮೊದಲೇ ಹಿಡ್ಕೊಳ್ತಾರೆ. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ 1890ರ ದಶಕದಲ್ಲಿ ಯುರೋಪ್ ಅಧ್ಯಯನ ಮಾಡಿ ಬಂದು ಇದನ್ನೇ ಇಲ್ಲಿಗೆ ಶಿಫಾರಸು ಮಾಡಿದ್ರು. ನಮ್ಮ ಭಾಷೆಯಲ್ಲಿ ಅದಕ್ಕೆ ಸಿಕ್ಕ ಹೆಸರು ನೋಡಿ, ಪತ್ತಿನ ಸಂಘ. ಪತ್ತು ಅಂದ್ರೆ ಸಾಲ ಮಾತ್ರ ಅಲ್ಲ, ನಂಬಿಕೆ ಕೂಡ.

ಹಾಗಂತ ಸಂಘ ಬಂದ ತಕ್ಷಣ ಮಂಡಿ ಬಿಟ್ಟುಹೋಗಲಿಲ್ಲ. ಸಾಲ ಒಂದು ಕಡೆ, ಮಾರಾಟ ಇನ್ನೊಂದು ಕಡೆ ಇರೋ ತನಕ ಹಗ್ಗ ಮಂಡಿಯ ಕೈಯಲ್ಲೇ. 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘ, ನಾವೆಲ್ಲ ಮ್ಯಾಮ್‌ಕೋಸ್ ಅನ್ನೋದು, ಹುಟ್ಟಿದ್ದು ಆ ಗಂಟನ್ನ ಬಿಚ್ಚೋಕೆ. ಕೊಪ್ಪದಲ್ಲೂ ಅದರ ಶಾಖೆ ಇದೆ. ಬೆಳೆಗಾರರದ್ದೇ ಮಂಡಿ ಇದ್ದಾಗ ತೂಕದ ಕಲ್ಲಿನ ಬಗ್ಗೆ ಕೇಳೋ ಧೈರ್ಯ ಬರುತ್ತೆ.

ಆದರೆ ಇದೆಲ್ಲ ತೋಟ ಇದ್ದೋರ ಕಥೆ. ತೋಟ ಇಲ್ಲದ ಮನೆಗೆ ಪತ್ತಿನ ಸಂಘದಲ್ಲಿ ಏನು ಸಿಗ್ತಿತ್ತು? ಬಹುತೇಕ ಏನೂ ಇಲ್ಲ. ಬೆಳೆ ಸಾಲಕ್ಕೆ ಪಹಣಿ ಬೇಕು. ಅವರ ಪಾಲಿಗೆ ದೊಡ್ಡ ದಿನ ಬಂದಿದ್ದು ದೇವರಾಜ ಅರಸರ ಕಾಲದಲ್ಲಿ, ಕರ್ನಾಟಕ ಋಣ ಪರಿಹಾರ ಕಾಯ್ದೆ, 1976. ಸಣ್ಣ ರೈತರು, ಭೂಮಿ ಇಲ್ಲದ ಕೂಲಿಕಾರರು ಖಾಸಗಿಯವರಿಂದ ತಗೊಂಡಿದ್ದ ಸಾಲ ರದ್ದು, ಗಿರವಿ ಇಟ್ಟ ವಸ್ತು ವಾಪಸ್. ಕತ್ತಿನ ಸರ ಗಿರವಿ ಅಂಗಡಿಯಿಂದ ಬಿಡಿಗಾಸು ಕೊಡದೆ ಮನೆಗೆ ಬರೋದು ಅಂದ್ರೆ ಆ ಹೆಂಗಸಿಗೆ ಏನನ್ನಿಸಿರಬೇಡ! ಆದರೆ ಮನ್ನಾ ಹಿಂದಿನ ಸಾಲಕ್ಕೆ. ಮುಂದಿನ ಜೂನ್‌ನಲ್ಲಿ ಮಗುವಿಗೆ ಜ್ವರ ಬಂದ್ರೆ ನೂರು ರೂಪಾಯಿ ಯಾರು ಕೊಡ್ತಾರೆ? ಗಿರವಿ ಅಂಗಡಿಯವನು ಅಂತೂ ಕೊಡಲ್ಲ, ಅವನಿಗೆ ಈಗ ಭಯ. ಸಾಲಮನ್ನಾ ಅಂದಾಗಲೆಲ್ಲ, 2008, 2017, 2018, ನನಗೆ ಈ ಜೂನ್ ತಿಂಗಳು ನೆನಪಾಗುತ್ತೆ.

ಆ ಜೂನ್ ತಿಂಗಳಿಗೆ ಉತ್ತರ ಹುಡುಕಿದ್ದು ಕರ್ನಾಟಕದ ಹಳ್ಳಿಗಳೇ. ಮೈರಾಡ ಅನ್ನೋ ಸಂಸ್ಥೆ ಇದೆ, 1968ರಲ್ಲಿ ಶುರುವಾದದ್ದು, ಮೊದಲು ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆ. ಆಮೇಲೆ ಅವರು ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನ ಕಟ್ಟಿಸಿದ್ರು. 1984-85ರ ಹೊತ್ತಿಗೆ ಅವು ಒಡೆಯೋಕೆ ಶುರುವಾದ್ವು. ಮುಖಂಡರ ಮೇಲೆ ಜನಕ್ಕೆ ನಂಬಿಕೆ ಹೋಗಿತ್ತು. ಆಗ ಸದಸ್ಯರು ಸಣ್ಣ ಸಣ್ಣ ಗುಂಪಾಗಿ ಮೈರಾಡ ಹತ್ತಿರ ಬಂದರು. ಸಾಲ ತೀರಿಸ್ತೀವಿ, ಆದರೆ ಸಂಘಕ್ಕೆ ಕೊಡಲ್ಲ, ನಿಮಗೆ ಕೊಡ್ತೀವಿ ಅಂದರು. ನಮಗೆ ಬೇಡ, ನಿಮ್ಮ ನಿಮ್ಮ ಗುಂಪಿಗೇ ಕಟ್ಟಿ ಅನ್ನೋ ಉತ್ತರ ಬಂತು.

ಸ್ವಸಹಾಯ ಸಂಘದ ಬೀಜ ಇಲ್ಲಿದೆ. ಹದಿನೈದು ಇಪ್ಪತ್ತು ಜನ, ಒಬ್ಬರನ್ನೊಬ್ಬರು ತಾವೇ ಆರಿಸಿಕೊಂಡವರು. ವಾರ ವಾರ ಸ್ವಲ್ಪ ಉಳಿತಾಯ, ಅದರಿಂದಲೇ ಸಾಲ. ಬಡ್ಡಿ ಎಷ್ಟು ಅನ್ನೋದು ಅವರ ತೀರ್ಮಾನ, ಆ ಬಡ್ಡಿ ಹೋಗೋದೂ ಅವರದ್ದೇ ಪೆಟ್ಟಿಗೆಗೆ. 1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟು ಈ ಪ್ರಯೋಗ ಮುಂದುವರಿಸಿ ಅಂತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳ ಜೊತೆ ಬ್ಯಾಂಕ್ ಜೋಡಣೆ ಶುರುವಾಯ್ತು. ಆ ಯೋಜನೆಯಲ್ಲಿ ಬ್ಯಾಂಕುಗಳು ಮೂರು ಹಳೇ ಅಭ್ಯಾಸ ಬಿಡಬೇಕಾಯ್ತು: ನೋಂದಣಿ ಇಲ್ಲದ ಗುಂಪಿಗೆ ಸಾಲ ಕೊಡಬೇಕು, ಅಡಮಾನ ಕೇಳಬಾರದು, ದುಡ್ಡು ಯಾಕೆ ಅನ್ನೋದನ್ನ ಗುಂಪಿಗೇ ಬಿಡಬೇಕು. ಮೂರನೆಯದು ಚಿಕ್ಕದಾಗಿ ಕಾಣುತ್ತೆ, ನನ್ನ ಪ್ರಕಾರ ಅದೇ ದೊಡ್ಡದು. ಬ್ಯಾಂಕಿಗೆ ಹಸು ಸಾಲ ಅರ್ಥ ಆಗುತ್ತೆ. ಆಸ್ಪತ್ರೆ ಬಿಲ್, ಶಾಲೆ ಫೀಸು, ಬಡ್ಡಿಯವನ ಹಳೇ ಬಾಕಿ ತೀರಿಸೋಕೆ ಸಾಲ ಅಂದ್ರೆ ಅರ್ಥ ಆಗಲ್ಲ. ಮನೆಸಾಲ ಅನ್ನೋದು ಇರೋದೇ ಅಂಥದ್ದರಲ್ಲಿ. ಸಂಘದಲ್ಲಿ ಕೂತ ಹೆಂಗಸರಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮಲೆನಾಡಿಗೆ ಬಂದ ಇನ್ನೊಂದು ರೂಪ ನನಗೆ ಇಷ್ಟ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾಯ್ತು. ಮುಂದೆ ಅವರು ಪ್ರಗತಿಬಂಧು ಗುಂಪು ಅಂತ ಮಾಡಿದ್ರು. ಐದರಿಂದ ಎಂಟು ಜನ ಸಣ್ಣ ರೈತರು, ವಾರಕ್ಕೊಂದು ದಿನ ಸರದಿ ಪ್ರಕಾರ ಒಬ್ಬರ ಜಮೀನಿನಲ್ಲಿ ಎಲ್ಲರೂ ದುಡಿಯೋದು, ಜೊತೆಗೆ ಉಳಿತಾಯ ಮತ್ತು ಸಾಲ. ಕೇಳಿದ ಹಾಗಿದೆ ಅಲ್ವಾ? ಮುಯ್ಯಾಳಿಗೆ ಪಾಸ್‌ಬುಕ್ ಬಂದ ಹಾಗೆ.

ಈಗ ಕಹಿ ಭಾಗ. ಎಲ್ಲರೂ ಎಲ್ಲರಿಗೂ ಹೊಣೆ ಅನ್ನೋ ಈ ಉಪಾಯ ಕೆಲಸ ಮಾಡುತ್ತೆ ಅಂತ ಸಾಬೀತಾದ ಮೇಲೆ ಅದು ಕಂಪನಿಗಳ ಕಣ್ಣಿಗೂ ಬಿತ್ತು. ಜಂಟಿ ಹೊಣೆ ಗುಂಪು. ಐದಾರು ಜನ ಹೆಂಗಸರು, ದುಡ್ಡು ಹೊರಗಿಂದ, ಬಡ್ಡಿ ಹೋಗೋದು ಹೊರಗೆ, ಪುಸ್ತಕ ಏಜೆಂಟ್ ಕೈಯಲ್ಲಿ. ಊರೊಳಗೆ ಉಳಿದಿದ್ದು ಹೊಣೆ ಮಾತ್ರ. ಒಬ್ಬಳು ಕಂತು ಕಟ್ಟದಿದ್ರೆ ಉಳಿದವರು ಎದ್ದು ಹೋಗೋ ಹಾಗಿಲ್ಲ. ಮೊದಲೆಲ್ಲ ಯಾಕೆ ಕಟ್ಟೋಕಾಗಲಿಲ್ಲ ಅಂತ ಕೇಳ್ತಿದ್ದ ಬಾಯಿಗಳೇ ಈಗ ಬೇಗ ತಂದು ಹಾಕು, ನಮಗೆ ಅಡುಗೆ ಆಗಬೇಕು ಅಂತಾವೆ. ಏಜೆಂಟ್ ಜೋರು ಮಾಡಬೇಕಾಗಿಯೇ ಇಲ್ಲ, ಅವನ ಕೆಲಸ ಪಕ್ಕದ ಮನೆಯವರು ಮಾಡ್ತಾರೆ. ಮನೆಯೊಳಗಿನ ಲೆಕ್ಕ ಇನ್ನೂ ವಿಚಿತ್ರ: ಸಾಲ ಅವಳ ಹೆಸರಲ್ಲಿ, ದುಡ್ಡು ಗಂಡನ ಆಟೋಗೆ, ಕಂತು ಮತ್ತೆ ಅವಳ ಕೂಲಿಯಿಂದ. ಒಂದು ಕಂಪನಿಯ ಕಂತಿಗೆ ಇನ್ನೊಂದು ಕಂಪನಿಯ ಸಾಲ, ಅದು ಗಂಡನಿಗೆ ಗೊತ್ತಿಲ್ಲ. ಹೇಳೋಕೆ ನಾಚಿಕೆ.

2009ರಲ್ಲಿ ಕೋಲಾರದಲ್ಲಿ ಇದು ಬಹಿರಂಗವಾಗಿ ಸಿಡೀತು. ಅಲ್ಲಿನ ಅಂಜುಮನ್ ಸಮಿತಿ ಮೈಕ್ರೋಫೈನಾನ್ಸ್ ಕಂತು ಕಟ್ಟಬೇಡಿ ಅಂತ ಮುಸ್ಲಿಂ ಮನೆಗಳಿಗೆ ಹೇಳ್ತು, ವಸೂಲಿ ನಿಂತೇಹೋಯ್ತು. ಮುಂದಿನ ವರ್ಷ ಆಂಧ್ರದಲ್ಲಿ ಆತ್ಮಹತ್ಯೆಗಳು, ಸುಗ್ರೀವಾಜ್ಞೆ. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಮಿತಿ ಹಾಕಿತು: ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರೋ ಕುಟುಂಬದ ಎಲ್ಲಾ ಸಾಲಗಳ ತಿಂಗಳ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಶೇ. 50 ದಾಟಬಾರದು. ಅಂದ್ರೆ ನಿಯಮ ಒಬ್ಬ ಹೆಂಗಸನ್ನ ಬಿಟ್ಟು ಇಡೀ ಮನೆಯ ಕಡೆ ನೋಡ್ತು. ಆದರೂ 2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಕಡೆಯಿಂದ ಮನೆಗೆ ಬೀಗ ಹಾಕಿ ಊರು ಬಿಟ್ಟವರ ಸುದ್ದಿ ನೀವೇ ಇದೇ ಫೋನಲ್ಲಿ ನೋಡಿದ್ರಿ. ಫೆಬ್ರವರಿ 12ಕ್ಕೆ ರಾಜ್ಯಪಾಲರ ಅಂಕಿತ ಬಿದ್ದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಅಂತ ಬಂತು. ಬೇಕಿತ್ತು. ಆದರೆ ಏಜೆಂಟ್ ಬೈದರೆ ಕೇಸ್ ಹಾಕಬಹುದು, ಪಕ್ಕದ ಮನೆಯ ಅಕ್ಕ ಮುಖ ತಿರುಗಿಸಿದ್ರೆ ಯಾವ ಸೆಕ್ಷನ್?

ನಮ್ಮನೆಯ ಒಂದು ವಿಷಯ ಹೇಳಿ ನಿಲ್ಲಿಸ್ತೀನಿ. ನಾನು ಹೈಸ್ಕೂಲಲ್ಲಿದ್ದಾಗ ಒಂದು ವರ್ಷ ಮಳೆ ಬಿಡಲೇ ಇಲ್ಲ, ಔಷಧಿ ಹೊಡೆಯೋಕಾಗದೆ ಕೊಳೆ ಬಂದು ಅಡಿಕೆ ಉದುರಿತು. ಅಮ್ಮ ಸಂಘದಲ್ಲಿ ತಗೊಂಡಿದ್ದ ಸಾಲದ ಕಂತು ನಾಲ್ಕು ವಾರ ಕಟ್ಟೋಕಾಗಲಿಲ್ಲ. ಮೊದಲ ವಾರ ಅಮ್ಮ ಮೀಟಿಂಗಿಗೇ ಹೋಗಲಿಲ್ಲ, ತಲೆನೋವು ಅಂತ ಮಲಗಿದ್ರು. ಸಂಜೆ ಸಂಘದ ಇಬ್ಬರು ಬಂದು ಜಗಲಿ ಮೇಲೆ ಕೂತ್ರು. ದುಡ್ಡಿನ ಮಾತೇ ಎತ್ತಲಿಲ್ಲ, ತೋಟ ಎಷ್ಟು ಹೋಯ್ತು ಅಂತ ಕೇಳಿದ್ರು. ಅಪ್ಪನ ಎದುರಿಗೇ ಕೇಳಿದ್ರು, ಹಾಗಾಗಿ ಅಪ್ಪನಿಗೂ ಆ ಸಾಲದ ಪೂರ್ತಿ ಲೆಕ್ಕ ಗೊತ್ತಾಗಿದ್ದು ಅವತ್ತೇ. ನಾಲ್ಕು ವಾರ ಅವರೇ ಹಂಚ್ಕೊಂಡು ಹಾಕಿದ್ರು.

ಈ ಸಂಚಿಕೆಗೋಸ್ಕರ ಮೊನ್ನೆ ಅಮ್ಮನ ಹತ್ರ ಕೇಳ್ದೆ, ಆವಾಗ ಅವರಿಗೆ ಒಟ್ಟು ಎಷ್ಟು ವಾಪಸ್ ಕೊಟ್ರಿ ಅಂತ. ನಾನು ಕೇಳಿದ್ದು ರೂಪಾಯಿ ಲೆಕ್ಕ. ಅಮ್ಮ ಬೆರಳು ಮಡಿಸ್ತಾ ಹೇಳಿದ್ರು: "ಮೇಲಿನ ಮನೆಯವರಿಗೆ ನಾಲ್ಕು ರಾತ್ರಿ ಅಡಿಕೆ ಸುಲಿದು ಕೊಟ್ಟೆ. ಕೆಳಗಿನ ಮನೆಯವರದ್ದು ಎರಡು ರಾತ್ರಿ ಬಾಕಿ ಇತ್ತು, ಶಿವರಾತ್ರಿ ಒಳಗೆ ಮುಗಿಸಿದೆ."