ಬ್ರಾ ಅಳತೆ ಮತ್ತು ಆಯ್ಕೆ

ಬ್ರಾ ಅಳತೆ ಎಂದರೆ ಮಹಿಳೆಯರ ಒಳ ಉಡುಪಾದ ಬ್ರಾ ದೇಹಕ್ಕೆ ಸರಿಯಾಗಿ ಒಪ್ಪುವಂತೆ ಅದರ ಗಾತ್ರವನ್ನು ಗೊತ್ತುಪಡಿಸುವ ಕ್ರಮ. ಗಾತ್ರವನ್ನು ಒಂದು ಸಂಖ್ಯೆ ಹಾಗೂ ಒಂದು ಅಕ್ಷರದಿಂದ ಸೂಚಿಸಲಾಗುತ್ತದೆ. ಉದಾಹರಣೆಗೆ '34ಬಿ' ಎಂಬಲ್ಲಿ 34 ಎಂಬುದು ಎದೆಯನ್ನು ಸುತ್ತುವ ಪಟ್ಟಿಯ ಗಾತ್ರವನ್ನೂ 'ಬಿ' ಎಂಬುದು ಕಪ್‌ನ ಗಾತ್ರವನ್ನೂ ತಿಳಿಸುತ್ತವೆ.

ಇತಿಹಾಸ

ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಅವರು 1914ರಲ್ಲಿ ತಮ್ಮ ವಿನ್ಯಾಸದ ಬ್ರಾಗೆ ಪೇಟೆಂಟ್ ಪಡೆದರು. ಕಪ್‌ಗಳನ್ನು ಅಕ್ಷರಗಳಿಂದ ಗುರುತಿಸುವ ಪದ್ಧತಿ 1930ರ ದಶಕದಲ್ಲಿ ಆ ದೇಶದಲ್ಲಿಯೇ ಆರಂಭವಾಯಿತು.

ಅಳತೆಯ ವಿಧಾನ

ಟೇಪಿನಿಂದ ಎರಡು ಅಳತೆಗಳನ್ನು ತೆಗೆದುಕೊಳ್ಳಬೇಕು. ಮೊದಲನೆಯದು ಸ್ತನಗಳ ಕೆಳಗಿನ ಸುತ್ತಳತೆ; ಎರಡನೆಯದು ಎದೆಯ ಅತಿ ಉಬ್ಬಿದ ಭಾಗದ ಸುತ್ತಳತೆ. ಅಂಗುಲದ ಲೆಕ್ಕದಲ್ಲಿ, ಕೆಳ ಸುತ್ತಳತೆಗೆ 4 ಅಥವಾ 5 ಸೇರಿಸಿ ಸಮಸಂಖ್ಯೆ ಮಾಡಿದರೆ ಪಟ್ಟಿಯ ಗಾತ್ರ ದೊರೆಯುತ್ತದೆ. ಎರಡನೆಯ ಅಳತೆ ಅದಕ್ಕಿಂತ 1 ಅಂಗುಲ ಹೆಚ್ಚಿದ್ದರೆ ಎ, 2 ಇದ್ದರೆ ಬಿ, 3 ಇದ್ದರೆ ಸಿ, 4 ಇದ್ದರೆ ಡಿ ಕಪ್. ಕೆಳಗೆ 30, ಮೇಲೆ 36 ಅಂಗುಲ ಇರುವವರಿಗೆ 34ಬಿ ಆಗುತ್ತದೆ.

ಆದರೆ ಕೆಲವು ತಯಾರಕರು ಏನನ್ನೂ ಸೇರಿಸದೆ ಕೆಳ ಸುತ್ತಳತೆಯನ್ನೇ ಪಟ್ಟಿಯ ಗಾತ್ರವೆಂದು ಗಣಿಸುತ್ತಾರೆ. ದೇಶದಿಂದ ದೇಶಕ್ಕೂ ಸಂಖ್ಯೆ ಬದಲಾಗುತ್ತದೆ: ಭಾರತದ 34ಬಿ ಜರ್ಮನಿಯಲ್ಲಿ 75ಬಿ, ಫ್ರಾನ್ಸಿನಲ್ಲಿ 90ಬಿ. ಆದ್ದರಿಂದ ಆಯಾ ಕಂಪನಿಯ ಅಳತೆಪಟ್ಟಿಯನ್ನು ನೋಡುವುದು ಅವಶ್ಯ. ಅಳತೆ ಒಂದು ಅಂದಾಜು ಮಾತ್ರ. ತೊಟ್ಟು ನೋಡಿದಾಗಲೇ ನಿರ್ಣಯ.

ತೊಟ್ಟು ನೋಡುವಾಗ ಗಮನಿಸಬೇಕಾದ ಅಂಶಗಳು

- ಬ್ರಾಗೆ ಮುಖ್ಯ ಆಧಾರ ಸುತ್ತುಪಟ್ಟಿಯೇ ಹೊರತು ಭುಜಪಟ್ಟಿಗಳಲ್ಲ. ಬೆನ್ನಿನ ಭಾಗದಲ್ಲಿ ಪಟ್ಟಿ ಮೇಲಕ್ಕೆ ಏರಿದರೆ ಅದು ಸಡಿಲವೆಂದು ತಿಳಿಯಬೇಕು.
- ಹೊಸ ಬ್ರಾ ಅತ್ಯಂತ ಹೊರಗಿನ ಹುಕ್ಕಿನ ಸಾಲಿನಲ್ಲಿ ಸರಿಹೊಂದಬೇಕು. ಮುಂದೆ ಎಲಾಸ್ಟಿಕ್ ಸಡಿಲವಾದಾಗ ಒಳಸಾಲುಗಳನ್ನು ಬಳಸಬಹುದು.
- ಕಪ್‌ನ ಅಂಚಿನಿಂದ ಸ್ತನ ಹೊರಚಾಚಿದರೆ ಕಪ್ ಚಿಕ್ಕದು. ಬಟ್ಟೆ ಸುಕ್ಕುಗಟ್ಟಿದರೆ ದೊಡ್ಡದು.
- ತಂತಿಯಿರುವ ಬ್ರಾದಲ್ಲಿ ತಂತಿ ಸ್ತನದ ಮೇಲೆ ಒತ್ತದೆ ಪಕ್ಕೆಲುಬಿನ ಮೇಲೆ ಕೂರಬೇಕು.
- ಕೈಗಳನ್ನು ಮೇಲೆತ್ತಿದಾಗಲೂ ಪಟ್ಟಿ ಸ್ಥಳ ಬಿಟ್ಟು ಕದಲಬಾರದು.

ಪಟ್ಟಿ ಸಡಿಲವಾಗಿ ಕಪ್ ಸರಿಯಾಗಿದ್ದರೆ, ಸಂಖ್ಯೆಯನ್ನು ಒಂದು ಗಾತ್ರ ಇಳಿಸಿ ಅಕ್ಷರವನ್ನು ಒಂದು ಹಂತ ಏರಿಸಬೇಕು. 36ಎ, 34ಬಿ, 32ಸಿ ಇವುಗಳ ಕಪ್‌ನ ಒಳ ಅಳತೆ ಹೆಚ್ಚುಕಡಿಮೆ ಒಂದೇ.

ಖರೀದಿಯ ತೊಡಕುಗಳು

ಕರ್ನಾಟಕದ ಸಣ್ಣ ಪೇಟೆಗಳ ಅನೇಕ ಬಟ್ಟೆ ಅಂಗಡಿಗಳಲ್ಲಿ ಒಳ ಉಡುಪನ್ನು ತೊಟ್ಟು ನೋಡಲು ಅವಕಾಶವಿರುವುದಿಲ್ಲ. ಮಾರುವವರು ಪುರುಷರಾಗಿದ್ದರೆ ಗಾತ್ರ ಹೇಳಲು ಹಲವರು ಸಂಕೋಚಪಡುತ್ತಾರೆ. ಹೀಗಾಗಿ ವರ್ಷಗಟ್ಟಲೆ ಒಂದೇ ಸಂಖ್ಯೆಯನ್ನು ಕೇಳಿ ಕೊಳ್ಳುವುದು ರೂಢಿಯಾಗಿದೆ. ಆದರೆ ತೂಕ, ಗರ್ಭಾವಸ್ಥೆ, ಹಾಲೂಡಿಕೆ, ವಯಸ್ಸು ಇವುಗಳಿಂದ ಗಾತ್ರ ಬದಲಾಗುತ್ತದೆ. ಹೊಂದದ ಬ್ರಾದಿಂದ ಭುಜದಲ್ಲಿ ಗೀರು, ಚರ್ಮದ ಉರಿ, ಕತ್ತು ಮತ್ತು ಬೆನ್ನಿನ ನೋವು ಉಂಟಾಗಬಹುದು. ಮನೆಯಲ್ಲಿಯೇ ಅಳೆದು ಗಾತ್ರವನ್ನು ಚೀಟಿಯಲ್ಲಿ ಬರೆದೊಯ್ಯುವುದು, ಬದಲಾಯಿಸಿಕೊಡುವರೇ ಎಂದು ಮೊದಲೇ ವಿಚಾರಿಸುವುದು ಸುಲಭವಾದ ಪರಿಹಾರಗಳು. ಹದಿಹರೆಯದ ಹುಡುಗಿಯರ ಮೊದಲ ಖರೀದಿಯಲ್ಲಿ ತಾಯಿ ಅಥವಾ ಅಕ್ಕ ಜೊತೆಗಿದ್ದು ಇದನ್ನು ತಿಳಿಸಿಕೊಟ್ಟರೆ ಮುಂದಿನ ಸಂಕೋಚ ತಪ್ಪುತ್ತದೆ.