ಲೀಟರಿನಲ್ಲಿ ಉಳಿದ ಗಡಿಗಳು

ಮುದಗಲ್ಲಿನಿಂದ ಪಶ್ಚಿಮಕ್ಕೆ ಹೊರಟರೆ ಬಸ್ಸಿನಲ್ಲಿ ಸುಮಾರು ಒಂದು ತಾಸಿಗೆ ಇಳಕಲ್ ಸಿಗುತ್ತದೆ. ಎರಡೂ ಊರಿನ ಮಾತು ಹೆಚ್ಚುಕಡಿಮೆ ಒಂದೇ, ಸಂತೆ ಸಂಬಂಧ ಒಂದೇ. ಆದರೆ 1948ರ ಸೆಪ್ಟೆಂಬರಿನವರೆಗೆ ಇದು ಎರಡು ಸರಕಾರಗಳ ನಡುವಿನ ದಾರಿ. ಮುದಗಲ್ ನಿಜಾಮರ ಹೈದರಾಬಾದಿಗೆ ಸೇರಿತ್ತು, ಇಳಕಲ್ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ. ಈ ಕಡೆ ಹಾಲಿ ರೂಪಾಯಿ, ಆ ಕಡೆ ಕಲ್ದಾರ. ಆರು ಕಲ್ದಾರಕ್ಕೆ ಏಳು ಹಾಲಿ, ಇದು ರೂಢಿಯ ಲೆಕ್ಕ. ನಡುವೆ ಕರೋಡಗಿರಿ ನಾಕಾ. ಕಂಪನಿ ಮತ್ತು ನಿಜಾಮರ ನಡುವಿನ 1802ರ ವ್ಯಾಪಾರ ಒಪ್ಪಂದದಿಂದ ಗಟ್ಟಿಯಾದ ಶೇಕಡಾ 5ರ ಸುಂಕ ಇಪ್ಪತ್ತನೆಯ ಶತಮಾನದಲ್ಲೂ ಹೈದರಾಬಾದಿನ ಗಡಿಯಲ್ಲಿ ಉಳಿದಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಪ್ರಯೋಜನವಿಲ್ಲ ಎಂಬ ಗಾದೆ ನಮ್ಮ ಕಡೆ ಬರಿ ಗಾದೆಯಾಗಿರಲಿಲ್ಲ.

ಮುದಗಲ್ ಕೋಟೆಯ ಚರಿತ್ರೆ ಎಂದರೆ ನಾವು ಬಹಮನಿ, ವಿಜಯನಗರ, ಆದಿಲಶಾಹಿ ಎಂದು ಪಾಠ ಒಪ್ಪಿಸುತ್ತೇವೆ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಈ ದೋಆಬಿಗಾಗಿ ಇನ್ನೂರು ವರ್ಷ ಕಾದಾಡಿದ್ದು ಕಂದಾಯಕ್ಕೆ, ಸುಂಕಕ್ಕೆ ಎಂಬುದು ಪಾಠದ ಕೊನೆಯ ಸಾಲಿನಲ್ಲಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಗಡಿಯ ಇತಿಹಾಸವನ್ನು ಕತ್ತಿಯ ಕಡೆಯಿಂದ ಓದುವುದಕ್ಕಿಂತ ಎಣ್ಣೆಯ ಡಬ್ಬಿಯ ಕಡೆಯಿಂದ ಓದುವುದು ನನಗೆ ಹೆಚ್ಚು ಉಪಯುಕ್ತವಾಗಿ ಕಂಡಿದೆ.

ಚಿಮಣಿ ಎಣ್ಣೆ ಇಲ್ಲಿಗೆ ಬಂದದ್ದು ಸಮುದ್ರದಿಂದ. 1871ರಲ್ಲಿ ಮುಂಬಯಿ ಕಡೆಯ ಜಿ.ಐ.ಪಿ. ರೈಲು ಮತ್ತು ಮದರಾಸು ರೈಲು ರಾಯಚೂರಿನಲ್ಲಿ ಕೂಡಿದವು. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದರ ಇನ್ನೊಂದು ಅರ್ಥವೇನೆಂದರೆ, ಎರಡೂ ಬಂದರುಗಳಿಂದ ದೂರದ ತುದಿ ನಮ್ಮದು. ರಾಯಚೂರು ನಿಲ್ದಾಣದಿಂದ ಮುದಗಲ್ಲಿಗೆ ಮತ್ತೆ ನೂರು ಕಿಲೋಮೀಟರಿಗೂ ಹೆಚ್ಚು ರಸ್ತೆ. ಮೊದಲು ಎತ್ತಿನ ಗಾಡಿ, ಆಮೇಲೆ ಲಾರಿ. ಬಾಡಿಗೆಯೆಲ್ಲ ಡಬ್ಬಿಯ ಮೇಲೆಯೇ ಕೂರಬೇಕು.

ಡಬ್ಬಿಯ ಮೂಲ ಬೆಲೆಯನ್ನು ಕಟ್ಟುತ್ತಿದ್ದವರು ಇನ್ನೂ ದೂರದಲ್ಲಿದ್ದರು. 1927ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಕಂಪನಿಯೊಂದು ಸೋವಿಯತ್ ಎಣ್ಣೆ ಕೊಂಡು ಭಾರತದಲ್ಲಿ ಮಾರಿತೆಂದು ಶೆಲ್ ಸಿಟ್ಟಾಯಿತು. ಎರಡೂ ಕಂಪನಿಗಳು ಇಲ್ಲಿ ಪೈಪೋಟಿಯಿಂದ ಬೆಲೆ ಇಳಿಸಿದವು. ಮರುವರ್ಷ ದೊಡ್ಡ ಕಂಪನಿಗಳು ಸ್ಕಾಟ್ಲೆಂಡಿನ ಒಂದು ಕೋಟೆಯಲ್ಲಿ ಕೂತು ರಾಜಿ ಮಾಡಿಕೊಂಡವು. ಆ ಕಾಲದ ಕ್ರಮದಲ್ಲಿ ಎಣ್ಣೆ ಹತ್ತಿರದ ಪರ್ಷಿಯಾದಿಂದ ಬಂದರೂ, ಮೆಕ್ಸಿಕೋ ಕೊಲ್ಲಿಯಿಂದ ಹಡಗಿನಲ್ಲಿ ಬಂದಂತೆ ಲೆಕ್ಕ ಹಾಕಿ ದರ ಕಟ್ಟುತ್ತಿದ್ದರು. ಬಾರದ ಹಡಗಿಗೂ ಬಾಡಿಗೆ!

ಇಂದಿನ ದರವ್ಯತ್ಯಾಸದ ಕೀಲಿ ಮಾತ್ರ ಇರುವುದು 1938ರ ಒಂದು ನ್ಯಾಯಾಲಯದ ಅಭಿಪ್ರಾಯದಲ್ಲಿ. ಆ ವರ್ಷ ಸೆಂಟ್ರಲ್ ಪ್ರಾವಿನ್ಸಸ್ ಮತ್ತು ಬೇರಾರ್ ಪ್ರಾಂತದ ಶಾಸನಸಭೆ ಚಿಲ್ಲರೆಯಾಗಿ ಮಾರುವ ಪೆಟ್ರೋಲಿಗೆ ಶೇಕಡಾ 5 ತೆರಿಗೆ ಹಾಕಿತು. ಕೇಂದ್ರ ಸರಕಾರದ ತಕರಾರು ಇಷ್ಟು: ಪೆಟ್ರೋಲಿನ ಮೇಲೆ ಅಬಕಾರಿ ಸುಂಕ ನಮ್ಮದು, ಇದೂ ಅದೇ, ಹೆಸರಷ್ಟೇ ಬೇರೆ. ವರ್ಷದ ಹಿಂದೆಯಷ್ಟೇ ಹುಟ್ಟಿದ್ದ ಫೆಡರಲ್ ಕೋರ್ಟಿಗೆ ಬಂದ ಮೊದಲ ವಿಶೇಷ ಉಲ್ಲೇಖವೇ ಇದು. ಮುಖ್ಯ ನ್ಯಾಯಮೂರ್ತಿ ಮಾರಿಸ್ ಗ್ವಯರ್ ಅವರ ಪೀಠ ಪ್ರಾಂತದ ಪರ ನಿಂತಿತು. ತಯಾರಿಕೆಯ ಮೇಲಿನ ಸುಂಕ ಕೇಂದ್ರಕ್ಕೆ, ಮಾರಾಟದ ಮೇಲಿನ ತೆರಿಗೆ ಪ್ರಾಂತಕ್ಕೆ. ಮರುವರ್ಷ ಮದರಾಸಿನಲ್ಲಿ ರಾಜಾಜಿ, ಪಾನನಿಷೇಧದಿಂದ ಖಾಲಿಯಾದ ಬೊಕ್ಕಸ ತುಂಬಲು, ಸಾಮಾನ್ಯ ಮಾರಾಟ ತೆರಿಗೆಯನ್ನೇ ತಂದರು. ರಾಜ್ಯಗಳ ಅತಿದೊಡ್ಡ ಆದಾಯದ ಹಕ್ಕು ಪೆಟ್ರೋಲ್ ಬಂಕಿನಿಂದ ಹೊರಟದ್ದು ಎಂದರೆ ಅತಿಶಯವಲ್ಲ.

1956ರ ನವೆಂಬರಿನಲ್ಲಿ ಮುದಗಲ್ ಮತ್ತು ಇಳಕಲ್ ಒಂದೇ ರಾಜ್ಯಕ್ಕೆ ಬಂದವು. ತೆರಿಗೆಗಳು ಒಂದೇ ದಿನ ಒಂದಾಗಲಿಲ್ಲ. ಹೈದರಾಬಾದಿನ 1950ರ ಕಾಯ್ದೆ, ಮೈಸೂರಿನ 1948ರದು, ಮದರಾಸಿನ 1939ರದು, ಮುಂಬಯಿಯದು ಬೇರೆ. ಇವನ್ನೆಲ್ಲ ಒಗ್ಗೂಡಿಸಿದ್ದು 1957ರ ಮಾರಾಟ ತೆರಿಗೆ ಕಾಯ್ದೆ. ಏಕೀಕರಣವನ್ನು ಕವಿಗಳ ಕೆಲಸವೆಂದು ಓದುವ ನಾವು ಈ ಕಾಯ್ದೆಯನ್ನು ಎಂದೂ ನೆನೆಯುವುದಿಲ್ಲ. ವ್ಯಾಟ್ ಬಂತು, ಜಿಎಸ್‌ಟಿ ಬಂತು, ಆದರೂ ಕರ್ನಾಟಕದಲ್ಲಿ ಪೆಟ್ರೋಲ್ ಡೀಸೆಲ್ ಇಂದಿಗೂ ಇದೇ ಕಾಯ್ದೆಯ ಕೆಳಗಿವೆ.

ನಡುವಿನ ಕೆಲವು ದಶಕ ದೆಹಲಿಯೇ ದರ ಕಟ್ಟಿತು. ಸಾಗಣೆಯ ಭಾರದ ಒಂದು ಪಾಲನ್ನು ಸಾಮಾನ್ಯ ನಿಧಿಯಿಂದ ತುಂಬುವ ಏರ್ಪಾಡು ಆಗ ಇತ್ತು. 2002ರ ಏಪ್ರಿಲ್‌ನಲ್ಲಿ ಆ ವ್ಯವಸ್ಥೆ ಕಳಚಿತು. 2010ರ ಜೂನ್‌ನಲ್ಲಿ ಪೆಟ್ರೋಲ್, 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರ ಕಂಪನಿಗಳ ಕೈಗೆ ಹೋಯಿತು. 2017ರ ಜೂನ್ 16ರಿಂದ ದರ ದಿನವೂ ಬದಲಾಗಬಹುದು.

ಹಾಗಾದರೆ ಈಗ ಒಂದೊಂದು ಊರಿಗೆ ಒಂದೊಂದು ದರ ಏಕೆ? ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಎಂದು ದೇಶಕ್ಕೆಲ್ಲ ಒಂದೇ. ಬೇರೆಯಾಗುವುದು ಮುಖ್ಯವಾಗಿ ಎರಡು, ರಾಜ್ಯದ ತೆರಿಗೆ ಮತ್ತು ಡಿಪೋದಿಂದ ಬಂಕಿನ ದೂರ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. ಡೀಸೆಲ್ ಶೇ. 18.44 ಆಗಿ, 2025ರ ಏಪ್ರಿಲ್‌ನಲ್ಲಿ 21.17 ಆಯಿತು. ಅಷ್ಟಾದರೂ ಕೃಷ್ಣೆ ದಾಟಿದರೆ ತೆಲಂಗಾಣದಲ್ಲಿ ಪೆಟ್ರೋಲಿಗೆ ಶೇ. 35.20. ಆಂಧ್ರದಲ್ಲಿ ಶೇ. 31ರ ಮೇಲೆ ಲೀಟರಿಗೆ 4 ರೂಪಾಯಿ, ಅದರ ಮೇಲೆ ರಸ್ತೆಯ 1 ರೂಪಾಯಿ. ಅತ್ತ ಹೋಗುವ ಲಾರಿಯವರು ನಮ್ಮ ಜಿಲ್ಲೆಯಲ್ಲೇ ಟ್ಯಾಂಕು ತುಂಬಿಸಿಕೊಳ್ಳುವುದು ಇದಕ್ಕೇ. ತಲಪಾಡಿಯಲ್ಲಿ ಕಾಸರಗೋಡಿನವರು ಮಂಗಳೂರು ಕಡೆಯ ಬಂಕಿಗೆ ಬರುವುದೂ ಇದಕ್ಕೇ. ಸುಂಕದ ಕಟ್ಟೆ ಹೋಯಿತು, ಗಡಿ ಪಂಪಿನ ಪರದೆಗೆ ಬಂತು.

ರಾಜ್ಯದೊಳಗಿನ ವ್ಯತ್ಯಾಸ ಚಿಕ್ಕದು, ಒಂದೆರಡು ರೂಪಾಯಿಯ ಆಚೀಚೆ. ಬಂದರು, ಸಂಸ್ಕರಣಾಗಾರ ಎರಡೂ ಇರುವ ಮಂಗಳೂರಿನಲ್ಲಿ ಸಾಮಾನ್ಯವಾಗಿ ಅಗ್ಗ, ಬಳ್ಳಾರಿಯಂಥ ಒಳನಾಡಿನಲ್ಲಿ ದುಬಾರಿ. ನನಗೆ ತಕರಾರಿರುವುದು ಇಲ್ಲಿಯೇ. ರಾಜ್ಯದ ತೆರಿಗೆ ಶೇಕಡಾವಾರು, ಅದು ಕೂರುವುದು ಸಾಗಣೆಯೂ ಸೇರಿದ ಬೆಲೆಯ ಮೇಲೆ. ದೂರಕ್ಕೆ ಒಂದು ರೂಪಾಯಿ ಹೆಚ್ಚಾದರೆ ಪೆಟ್ರೋಲಿನಲ್ಲಿ ಅದರ ಮೇಲೆ ಮತ್ತೆ ಸುಮಾರು 30 ಪೈಸೆ. ಅಂದರೆ ದೂರವಿರುವುದಕ್ಕೂ ತೆರಿಗೆ. ಹಿಂದುಳಿದ ಪ್ರದೇಶವೆಂದು 371ಜೆ ಕೊಟ್ಟ ರಾಜ್ಯವ್ಯವಸ್ಥೆಯೇ ಇದನ್ನೂ ವಸೂಲು ಮಾಡುತ್ತದೆ. ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುವ ಮಸ್ಕಿಯ ರೈತನಿಗೆ ಪೈಸೆ ಪೈಸೆಯೂ ಬಿತ್ತನೆಯ ಖರ್ಚು.

ಇದಕ್ಕೆ ದೇಶಕ್ಕೆಲ್ಲ ಒಂದೇ ದರವೇ ಮದ್ದು ಎನ್ನುವವರ ಜೊತೆ ನಾನಿಲ್ಲ. ಪೆಟ್ರೋಲನ್ನು ಜಿಎಸ್‌ಟಿಗೆ ತರುವ ದಿನಾಂಕವನ್ನು ಶಿಫಾರಸು ಮಾಡುವ ಅಧಿಕಾರ ಸಂವಿಧಾನದ 279ಎ ವಿಧಿಯಂತೆ ಜಿಎಸ್‌ಟಿ ಮಂಡಳಿಯದು. ಆ ದಿನಾಂಕ ಬಂದರೆ 1938ರಲ್ಲಿ ಪ್ರಾಂತಗಳು ಗೆದ್ದದ್ದರಲ್ಲಿ ಉಳಿಯುವುದು ಬಹಳ ಕಡಿಮೆ. ಅದಕ್ಕಿಂತ ಸರಳವಾದದ್ದು ಬೆಂಗಳೂರಿನ ಕೈಯಲ್ಲೇ ಇದೆ. ಕೇಂದ್ರದ ಸುಂಕದಂತೆ ರಾಜ್ಯದ ತೆರಿಗೆಯನ್ನೂ ಲೀಟರಿಗೆ ಇಷ್ಟು ರೂಪಾಯಿ ಎಂದು ಕಟ್ಟಿದರೆ, ಸಾಗಣೆಯ ಖರ್ಚು ಸಾಗಣೆಯ ಖರ್ಚಾಗಿಯೇ ಉಳಿಯುತ್ತದೆ. ಆಂಧ್ರ ತನ್ನ ತೆರಿಗೆಯ ಒಂದು ಭಾಗವನ್ನು ಈಗಾಗಲೇ ಹಾಗೆ ವಸೂಲು ಮಾಡುತ್ತಿದೆ.